ಹಳೆ ಇಟ್ಟಿಗೆ, ಹೊಸ ಇಟ್ಟಿಗೆ ಬೆರೆಸಿ ಲೆಗೋ ಕಟ್ಟಡ ಕಟ್ಟುವುದು ಹೇಗೆ?

ಲೆಗೋ ಇಟ್ಟಿಗೆಯಲ್ಲಿ ಕಟ್ಟಿದ ಒಂದು ಮನೆ ಬರೀ ಆಟಿಕೆಯಂತೆ ಕಾಣುತ್ತದೆ. ಅಷ್ಟೇ ಇಟ್ಟಿಗೆ ಹಾಕಿ ಕಟ್ಟಿದ ಇನ್ನೊಂದು ಮನೆಯನ್ನು ನೋಡಿದರೆ ನಿಜವಾದ ಕಟ್ಟಡದ ಮುಂದೆ ನಿಂತ ಹಾಗಿರುತ್ತದೆ. ಯಾಕೆ ಹೀಗೆ? ಬಹಳಷ್ಟು ಸಲ ಕಾರಣ ನೆರಳು. ಮೊದಲ ಮನೆಯಲ್ಲಿ ಗೋಡೆ, ಕಿಟಕಿ, ಬಾಗಿಲು ಎಲ್ಲವೂ ಒಂದೇ ಮಟ್ಟಕ್ಕೆ ಕೂತಿರುತ್ತವೆ. ಎರಡನೆಯದರಲ್ಲಿ ಕಿಟಕಿ ಸ್ವಲ್ಪ ಒಳಗೆ, ಪಟ್ಟಿ ಸ್ವಲ್ಪ ಹೊರಗೆ, ಸೂರು ಇನ್ನೂ ಹೊರಗೆ. ಬೆಳಕು ಬಿದ್ದ ಕೂಡಲೇ ಗೆರೆಗಳು ಮೂಡುತ್ತವೆ. ಇದಕ್ಕೆ ಅಪರೂಪದ ಪೀಸುಗಳೇನೂ ಬೇಕಾಗಿಲ್ಲ. ಸ್ವಲ್ಪ ಲೆಕ್ಕ ಬೇಕು, ಯಾವ ಇಟ್ಟಿಗೆ ಎಲ್ಲಿಗೆ ಹೋಗಬೇಕು ಅನ್ನುವ ತಿಳುವಳಿಕೆ ಬೇಕು.

ಹಳೆ ಡಬ್ಬಿಯಲ್ಲಿ ಸಿಕ್ಕ ಇಟ್ಟಿಗೆಗಳನ್ನೂ ಈಗಿನ ಪೀಸುಗಳನ್ನೂ ಸೇರಿಸಿ ಕಟ್ಟುವವರಿಗೆ ಈ ತಿಳುವಳಿಕೆ ಇನ್ನೂ ಮುಖ್ಯ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಹಳೆಯದನ್ನು ವಿಂಗಡಿಸಿ

ಡೆನ್ಮಾರ್ಕಿನ ಲೆಗೋ ಕಂಪನಿ ಪ್ಲಾಸ್ಟಿಕ್ ಇಟ್ಟಿಗೆ ಮಾಡಲು ಶುರು ಮಾಡಿದ್ದು 1949ರಲ್ಲಿ. ಅವು ಒಳಗೆ ಪೂರ್ತಿ ಟೊಳ್ಳು. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಕೆಳಭಾಗದಲ್ಲಿ ಕೊಳವೆ ಇರುವ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿಯಲ್ಲಿ. ಆಗಲೂ ಇಟ್ಟಿಗೆ ಮಾಡುತ್ತಿದ್ದದ್ದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಲ್ಲಿ. 1963ರಿಂದ ಎಬಿಎಸ್ ಪ್ಲಾಸ್ಟಿಕ್ ಬಂತು. ಹಾಗಾಗಿ ಹಳೆ ಇಟ್ಟಿಗೆ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಅಡಿಯಲ್ಲಿ ಕೊಳವೆ ಇದೆಯಾ? ಪ್ಲಾಸ್ಟಿಕ್ ಯಾವುದು?

ಇಟ್ಟಿಗೆ ತಿರುಗಿಸಿ ನೋಡಿದರೆ ಕೊಳವೆ ಕಾಣುತ್ತದೆ. ಪ್ಲಾಸ್ಟಿಕ್ ಗುರುತಿಸಲು ಒಂದು ಗಾಜಿನ ಹಲಗೆ ಸಾಕು. ಇಟ್ಟಿಗೆಯನ್ನು ಅದರ ಮೇಲಿಟ್ಟು ಮೂಲೆ ಒತ್ತಿ. ಎಬಿಎಸ್ ಆದರೆ ಅಲುಗದೆ ಕೂರುತ್ತದೆ. ಅಸಿಟೇಟ್ ಆದರೆ ಇಷ್ಟು ವರ್ಷದಲ್ಲಿ ಸೊಟ್ಟಗಾಗಿರುವುದೇ ಜಾಸ್ತಿ, ಟಕ್ ಟಕ್ ಅಂತ ಅಲ್ಲಾಡುತ್ತದೆ. ತೀರಾ ಹಾಳಾದ ಅಸಿಟೇಟ್‌ನಿಂದ ವಿನೆಗರ್‌ ವಾಸನೆಯೂ ಬರುತ್ತದೆ. ಅಂಥದ್ದನ್ನು ಉಳಿದವುಗಳ ಜೊತೆ ಇಡಬೇಡಿ.

ವಿಂಗಡಿಸುವಾಗ ನಾಲ್ಕು ಗುಂಪು ಮಾಡಿಕೊಳ್ಳಿ. ಬಿಗಿ ಇರುವ, ಬಣ್ಣ ಚೆನ್ನಾಗಿರುವ ಎಬಿಎಸ್ ಇಟ್ಟಿಗೆ ಎದುರು ಗೋಡೆಗೆ. ಬಿಗಿ ಇದ್ದು ಬಣ್ಣ ಮಾಸಿದ್ದು, ಗೀರು ಬಿದ್ದದ್ದು ಒಳಗೋಡೆಗೆ ಮತ್ತು ಕಾಣದ ಕಡೆ ತುಂಬಲು. ಬಿಗಿ ಹೋದದ್ದು, ಕೊಳವೆ ಇಲ್ಲದ್ದು ಭಾರ ಬೀಳದ ಮೇಲ್ತುದಿಗೆ: ಚಿಮಣಿ ತಲೆ, ಕಾಂಪೌಂಡ್ ಗೋಡೆಯ ಮೇಲಿನ ಸಾಲು, ಹೀಗೆ. ಸೊಟ್ಟಗಾದದ್ದು ಕಪಾಟಿಗೆ. ಸೊಟ್ಟ ಇಟ್ಟಿಗೆಯೊಂದು ಗೋಡೆಯ ಮಧ್ಯೆ ಸೇರಿದರೆ ಅದರ ಮೇಲಿನ ವರಸೆಗಳೆಲ್ಲ ಸಂದು ಬಿಡುತ್ತವೆ, ಮತ್ತೆ ಅಲ್ಲಿಯವರೆಗೂ ಬಿಚ್ಚಬೇಕು.

ಬೇರೆ ಕಂಪನಿಗಳ ಹಳೆ ಕಟ್ಟಡ ಆಟಿಕೆ ಇದ್ದರೆ ಅದನ್ನು ಬೆರೆಸುವ ಆಸೆ ಬೇಡ. ಇಂಗ್ಲೆಂಡಿನ ಬೇಕೋದಲ್ಲಿ ತಳಹಲಗೆಗೆ ಲೋಹದ ಕಡ್ಡಿ ಚುಚ್ಚಿ, ಅದರ ನಡುವೆ ಬೇಕಲೈಟ್ ಬಿಲ್ಲೆ ಇಳಿಸಬೇಕು. ಮಿನಿಬ್ರಿಕ್ಸ್ ರಬ್ಬರಿನದು. ಜರ್ಮನಿಯ ಆಂಕರ್ ಕಲ್ಲುಗಳು ಮರಳು, ಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿ ಮಾಡಿದವು, ಅವುಗಳಿಗೆ ಸ್ಟಡ್ಡೇ, ಅಂದರೆ ಇಟ್ಟಿಗೆ ಮೇಲಿನ ಉಬ್ಬೇ ಇಲ್ಲ. ಒಂದೊಂದೂ ಸೊಗಸು. ಆದರೆ ಅಳತೆ ಹೊಂದುವುದಿಲ್ಲ, ಅವನ್ನು ಅವುಗಳಷ್ಟಕ್ಕೇ ಕಟ್ಟಿ.

ತೊಳೆಯುವುದು, ಹಳದಿ ತೆಗೆಯುವುದು

ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪಾತ್ರೆ ತೊಳೆಯುವ ದ್ರವ ಒಂದಿಷ್ಟು, ಮೆತ್ತಗಿನ ಟೂತ್‌ಬ್ರಷ್, ಆಮೇಲೆ ಒಳ್ಳೆ ನೀರು. ಬಟ್ಟೆಯ ಮೇಲೆ ಸ್ಟಡ್ ಮೇಲ್ಮುಖ ಮಾಡಿ ಹರಡಿ, ನೆರಳಿನಲ್ಲಿ ಒಣಗಿಸಿ. ಹೇರ್ ಡ್ರೈಯರ್ ಬೇಡವೇ ಬೇಡ. ಅಸಿಟೇಟ್ ಇಟ್ಟಿಗೆಗೆ ತಣ್ಣೀರೇ ಸಾಕು, ನೆನೆಸಿಡಬೇಡಿ. ಸ್ಟಿಕ್ಕರ್ ಇರುವ ಪೀಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ.

ಬಿಳಿ ಇಟ್ಟಿಗೆ ಹಳದಿಯಾಗಿದ್ದರೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಡುವ ವಿಧಾನ ಇದೆ. ಗಾಜಿನ ಪಾತ್ರೆ ತೆಗೆದುಕೊಳ್ಳಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಗುಳ್ಳೆ ಸೇರಿ ಇಟ್ಟಿಗೆ ತೇಲುತ್ತದೆ, ತೇಲಿದ ಭಾಗ ಹಾಗೇ ಉಳಿದು ಕಲೆಯಾಗುತ್ತದೆ. ಅದಕ್ಕೇ ಮೇಲೊಂದು ಗಾಜಿನ ಭಾರ ಇಡಿ, ಗಂಟೆಗೊಮ್ಮೆ ಕಲಕಿ. ಕೈಗೆ ಗ್ಲೌಸ್ ಇರಲಿ. ಬೇಕಾದ ಬಿಳುಪು ಬಂದ ತಕ್ಷಣ ತೆಗೆದುಬಿಡಿ. ವರ್ಷಗಳು ಕಳೆದಂತೆ ಹಳದಿ ಮತ್ತೆ ಬರಬಹುದು. ಅಸಿಟೇಟ್‌ಗೂ, ಚಿತ್ರ ಅಚ್ಚಾದ ಪೀಸಿಗೂ ಇದನ್ನು ಮಾಡಬೇಡಿ. ನನ್ನನ್ನು ಕೇಳಿದರೆ, ಎಲ್ಲವನ್ನೂ ಬಿಳಿ ಮಾಡುವ ಅಗತ್ಯವೇ ಇಲ್ಲ. ಸ್ವಲ್ಪ ಹಳದಿ ತಿರುಗಿದ ಬಿಳಿ ಹಳೆ ಗಾರೆ ಗೋಡೆಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಆ ಬಣ್ಣ ಹೊಸದಾಗಿ ಎಲ್ಲೂ ಸಿಗುವುದಿಲ್ಲ.

ಬೂದು ಬಣ್ಣದ ವಿಷಯ ಬೇರೆ. 2004ರ ಸುಮಾರಿಗೆ ಲೆಗೋ ತನ್ನ ಬೂದು ಬಣ್ಣಗಳನ್ನೂ ಕಂದು ಬಣ್ಣವನ್ನೂ ಬದಲಾಯಿಸಿತು. ಹಳೆ ಬೂದು ಬಣ್ಣದಲ್ಲಿ ಚೂರು ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಒಂದು ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಸೇರಿದರೆ ಕೊರತೆ ಬಿದ್ದು ಹಾಕಿದ ಹಾಗೆ ಕಾಣುತ್ತದೆ. ಬೆರೆಸುವುದಾದರೆ ಧಾರಾಳವಾಗಿ ಬೆರೆಸಿ, ಕಲ್ಲಿನ ಗೋಡೆಯಾಗುತ್ತದೆ. ಇಲ್ಲವಾದರೆ ಒಂದನ್ನು ತಳಪಾಯಕ್ಕೆ, ಇನ್ನೊಂದನ್ನು ಚಾವಣಿಗೆ ಹಾಕಿ ದೂರ ಇಡಿ.

ಒಂದು ಎಚ್ಚರಿಕೆ: ಹಳೆ ಕಾಲದ ಕೆಂಪು, ಹಳದಿ ಪ್ಲಾಸ್ಟಿಕ್ ಆಟಿಕೆಗಳ ಬಣ್ಣದಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಪ್ರದರ್ಶನಕ್ಕೆ ಇಡುವ ಮಾದರಿಗೆ ತೊಂದರೆಯಿಲ್ಲ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಬಾಯಿಪಾಠ ಮಾಡಬೇಕಾದ ಅಳತೆಗಳು

ಒಂದು ಸ್ಟಡ್ ಮಧ್ಯದಿಂದ ಪಕ್ಕದ ಸ್ಟಡ್ ಮಧ್ಯಕ್ಕೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ಪ್ಲೇಟ್, ಅಂದರೆ ತೆಳು ಇಟ್ಟಿಗೆಯ ದಪ್ಪ 3.2 ಮಿ.ಮೀ. ಅಂದರೆ ಮೂರು ಪ್ಲೇಟ್ ಪೇರಿಸಿದರೆ ಒಂದು ಇಟ್ಟಿಗೆ. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದು: ಐದು ಪ್ಲೇಟ್ ಪೇರಿಸಿದರೆ 16 ಮಿ.ಮೀ., ಅಂದರೆ ಸರಿಯಾಗಿ ಎರಡು ಸ್ಟಡ್ ಅಗಲ. ಇಟ್ಟಿಗೆಯನ್ನು ಮಗ್ಗುಲಾಗಿ ಕೂರಿಸುವ ಕೆಲಸವೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಇದನ್ನೇ ಹಿಗ್ಗಿಸಿದರೆ ಐದು ಇಟ್ಟಿಗೆ ಎತ್ತರಕ್ಕೆ ಆರು ಸ್ಟಡ್ ಅಗಲ ಸಮ, ಎರಡೂ 48 ಮಿ.ಮೀ.

ಪ್ರಮಾಣ ಹೇಗೆ ಗೊತ್ತುಮಾಡುವುದು? 1978ರಲ್ಲಿ ಬಂದ ಮಿನಿಫಿಗರ್ ಗೊಂಬೆ ಸುಮಾರು 4 ಸೆಂ.ಮೀ. ಎತ್ತರ. ಎತ್ತರ ಲೆಕ್ಕ ಹಿಡಿದರೆ ಪ್ರಮಾಣ ಹೆಚ್ಚುಕಡಿಮೆ 1:42. ಆದರೆ ಗೊಂಬೆ ಕುಳ್ಳು, ಡುಮ್ಮ. ಅದರ ಅಗಲ ಹಿಡಿದರೆ 1:30ರ ಹತ್ತಿರ ಬರುತ್ತದೆ. ಹಾಗಾಗಿ ಗೊಂಬೆಗೆ ನಿಖರವಾದ ಪ್ರಮಾಣ ಅಂತ ಒಂದಿಲ್ಲ. 1:40 ಹಿಡಿದರೆ ಲೆಕ್ಕ ಸುಲಭ, ಕಣ್ಣಿಗೂ ಹಿತ.

ಉದಾಹರಣೆಗೆ 9 ಮೀಟರ್ ಅಗಲದ ಎದುರು ಗೋಡೆ. 1:40ರಲ್ಲಿ 225 ಮಿ.ಮೀ. ಎಂಟರಿಂದ ಭಾಗಿಸಿದರೆ 28 ಸ್ಟಡ್. ಅಂತಸ್ತಿನ ಎತ್ತರ 3.3 ಮೀಟರ್ ಆದರೆ 82.5 ಮಿ.ಮೀ., ಅಂದರೆ 26 ಪ್ಲೇಟ್. 28 ಸ್ಟಡ್‌ನಲ್ಲಿ ನಾಲ್ಕು ಸ್ಟಡ್ ಅಗಲದ ಮೂರು ಕಿಟಕಿ ಹಾಕಿದರೆ 12 ಹೋಯಿತು, ಉಳಿದ 16ರಲ್ಲಿ ನಾಲ್ಕು ಗೋಡೆ ತುಂಡು, ತಲಾ ನಾಲ್ಕು. ಪುಣ್ಯಕ್ಕೆ ಸರಿಹೋಯಿತು. ಎಲ್ಲ ಸಲ ಹೀಗಾಗುವುದಿಲ್ಲ. ಗೋಡೆ ಸಮಸಂಖ್ಯೆಯಾಗಿದ್ದು ಮಧ್ಯದ ಬಾಗಿಲು ಬೆಸಸಂಖ್ಯೆಯಾದರೆ ಅರ್ಧ ಸ್ಟಡ್ ಉಳಿಯುತ್ತದೆ. ಆಗ ಮಧ್ಯದಲ್ಲಿ ಒಂದೇ ಸ್ಟಡ್ ಇರುವ ಜಂಪರ್ ಪ್ಲೇಟ್ ಕೈಹಿಡಿಯುತ್ತದೆ.

ನಿಜವಾದ ಕಟ್ಟಡದ ಅಳತೆ ಸಿಗದಿದ್ದರೆ ನೇರ ಎದುರಿನಿಂದ ತೆಗೆದ ಫೋಟೋ ಸಾಕು. ಸಾಮಾನ್ಯ ಬಾಗಿಲು ಸುಮಾರು 2.1 ಮೀಟರ್. ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಲೆಕ್ಕ ಹಾಕಿ. ಎಲ್ಲವನ್ನೂ ಒಂದೇ ಅನುಪಾತದಲ್ಲಿ ಇಳಿಸಲೇಬೇಕು ಅಂತಿಲ್ಲ. ಐದು ಕಿಟಕಿ ಹಿಡಿಸದಿದ್ದರೆ ಮೂರು ಮಾಡಿ, ಆದರೆ ಕಿಟಕಿಯ ಉದ್ದ-ಅಗಲದ ಅನುಪಾತ ಕೆಡಿಸಬೇಡಿ. ಕಿಟಕಿ ಕಡಿಮೆಯಾದರೆ ಯಾರೂ ಎಣಿಸುವುದಿಲ್ಲ, ಕಿಟಕಿ ಗಿಡ್ಡವಾದರೆ ಎಲ್ಲರಿಗೂ ಗೊತ್ತಾಗುತ್ತದೆ.

ಕಂಪ್ಯೂಟರಿನಲ್ಲಿ ಮೊದಲು ಕಟ್ಟಿ ನೋಡಬೇಕೆಂದರೆ ಬ್ರಿಕ್‌ಲಿಂಕ್‌ನ ಸ್ಟುಡಿಯೋ ಇದೆ, 1995ರಿಂದ ಬೆಳೆದುಬಂದ ಎಲ್‌ಡ್ರಾ ಇದೆ. ಎರಡೂ ಉಚಿತ. ಪೀಸುಗಳ ಪಟ್ಟಿ ತಯಾರಿಸಲು ಸೊಗಸಾಗಿವೆ. ಆದರೆ ಹಳೆ ಇಟ್ಟಿಗೆಯ ಬಿಗಿ ಎಷ್ಟು, ಬಣ್ಣ ಎಷ್ಟು ಮಾಸಿದೆ ಅನ್ನುವುದು ಪರದೆಯ ಮೇಲೆ ಕಾಣದು. ಒಂದು ಕಿಟಕಿ, ಅದರ ಎರಡು ಮಗ್ಗುಲಿನ ಗೋಡೆ, ಮೇಲಿನ ಪಟ್ಟಿ, ಇಷ್ಟನ್ನು ಮಾತ್ರ ಕೈಯಲ್ಲಿ ಮಾದರಿಯಾಗಿ ಕಟ್ಟಿ ನೋಡಿ. ಅದು ಒಪ್ಪಿಗೆಯಾದರೆ ಉಳಿದ ಕಟ್ಟಡ ಬಹುಪಾಲು ಅದರದೇ ಪುನರಾವರ್ತನೆ.

ತಳ ಮತ್ತು ಗೋಡೆ

32×32 ಸ್ಟಡ್‌ನ ಬೇಸ್‌ಪ್ಲೇಟ್ ಅಂದರೆ ಒಂದು ಬದಿ 25.6 ಸೆಂ.ಮೀ. ಲೆಗೋದ ಮಾಡ್ಯುಲರ್ ಕಟ್ಟಡಗಳ ಸರಣಿ 2007ರ ಕೆಫೆ ಕಾರ್ನರ್‌ನಿಂದ ಬಹುಪಾಲು ಈ ಅಳತೆಯ ಮೇಲೆಯೇ ನಡೆದುಬಂದಿದೆ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಕಟ್ಟಡ ಇಡುವ ಯೋಚನೆ ಇದ್ದರೆ ಇದೇ ಒಳ್ಳೆಯದು. ಬೇಸ್‌ಪ್ಲೇಟ್ ತೆಳು, ಎತ್ತಿದರೆ ಬಾಗುತ್ತದೆ, ಅಡಿಯಿಂದ ಏನೂ ಜೋಡಿಸಲಾಗದು. ಕಟ್ಟಡ ಭಾರ ಇದ್ದರೆ ದೊಡ್ಡ ಪ್ಲೇಟ್‌ಗಳನ್ನು ಎರಡು ಪದರದಲ್ಲಿ, ಕೆಳಗಿನ ಸಂದಿನ ಮೇಲೆ ಮೇಲಿನದು ಬರುವಂತೆ ಜೋಡಿಸಿ.

ಗೋಡೆಯ ಇಟ್ಟಿಗೆಗಳನ್ನು ಗಾರೆ ಕೆಲಸದವರ ಹಾಗೆಯೇ ಸಂದು ತಪ್ಪಿಸಿ ಇಡಿ. 1×4 ಇಟ್ಟಿಗೆಯಾದರೆ ಪ್ರತಿ ವರಸೆಗೂ ಎರಡು ಸ್ಟಡ್ ಜರುಗಿಸಿ. ಮೂಲೆಯಲ್ಲಿ ಒಂದು ವರಸೆ ಈ ಗೋಡೆಯದು ಮುಂದಕ್ಕೆ, ಮುಂದಿನ ವರಸೆ ಆ ಗೋಡೆಯದು. ಒಂದು ಸ್ಟಡ್ ದಪ್ಪದ ಉದ್ದ ಗೋಡೆ ಮಧ್ಯದಲ್ಲಿ ಹೊಟ್ಟೆ ಬಿಡುತ್ತದೆ. ಐದಾರು ವರಸೆಗೊಮ್ಮೆ ಎರಡು ಸ್ಟಡ್ ಅಗಲದ ಉದ್ದ ಪ್ಲೇಟ್ ಒಳಮೈಗೆ ಚಾಚುವಂತೆ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಮಾಸಿದ ಹಳೆ ಇಟ್ಟಿಗೆಗಳನ್ನು ಒಳಮೈಗೆ ಎರಡನೇ ಗೋಡೆಯಾಗಿ ಸೇರಿಸಿದರೆ ಇನ್ನೂ ಗಟ್ಟಿ.

ಮೈಮೇಲೆ ಇಟ್ಟಿಗೆ ಗೆರೆ ಅಚ್ಚಾಗಿರುವ 1×2 ಪೀಸು ಈಗ ಬರುತ್ತದೆ. ಚೆನ್ನಾಗಿದೆ ಅಂತ ಗೋಡೆ ತುಂಬ ಅದನ್ನೇ ತುಂಬಬೇಡಿ. ನುಣುಪಾದ ಗೋಡೆಯಲ್ಲಿ ಅಲ್ಲಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಗಾರೆ ಉದುರಿದ ಜಾಗದ ಹಾಗಿರುತ್ತದೆ. ತುಂಬಿಸಿದರೆ ಕಣ್ಣಿಗೆ ಗಜಿಬಿಜಿ.

ಒಂದು ಕಿಟಕಿ, ಹತ್ತಿರದಿಂದ

ಕಿಟಕಿಯನ್ನು ಗೋಡೆಯ ಮೈಯಿಂದ ಅರ್ಧ ಸ್ಟಡ್, ಅಂದರೆ 4 ಮಿ.ಮೀ. ಒಳಗೆ ತಳ್ಳುವುದು ಹೇಗೆ ನೋಡೋಣ. ನಾಲ್ಕು ಸ್ಟಡ್ ಅಗಲ, ಮೂರು ಇಟ್ಟಿಗೆ ಎತ್ತರದ ಸಾಮಾನ್ಯ ಚೌಕಟ್ಟು ತೆಗೆದುಕೊಳ್ಳಿ. ಗೋಡೆಯಲ್ಲಿ ನಾಲ್ಕು ಸ್ಟಡ್ ಅಗಲ, ನಾಲ್ಕು ಇಟ್ಟಿಗೆ ಎತ್ತರದ ಜಾಗ ಬಿಡಿ. ನಾಲ್ಕು ಇಟ್ಟಿಗೆ ಅಂದರೆ 12 ಪ್ಲೇಟ್. ಅದನ್ನು ಹೀಗೆ ತುಂಬಿ.

ಅಡಿಗೆ ಒಂದು 2×4 ಪ್ಲೇಟ್, ಒಂದು ಸಾಲು ಗೋಡೆಯ ಮೇಲೆ, ಇನ್ನೊಂದು ಸಾಲು ಕೋಣೆಯ ಒಳಕ್ಕೆ ಚಾಚಿರಲಿ. ಅದರ ಮೇಲೆ ನಾಲ್ಕು 1×2 ಜಂಪರ್ ಪ್ಲೇಟ್‌ಗಳನ್ನು ಅಡ್ಡಡ್ಡ, ಪಕ್ಕಪಕ್ಕ ಜೋಡಿಸಿ. ಪ್ರತಿ ಜಂಪರಿನ ಮುಂಭಾಗ ಗೋಡೆಯ ಮೈಗೆ ಸಮ, ಹಿಂಭಾಗ ಕೋಣೆಯ ಒಳಗೆ. ಈಗ ಮಧ್ಯದಲ್ಲಿ ನಾಲ್ಕು ಸ್ಟಡ್‌ಗಳ ಒಂದು ಸಾಲು ಕಾಣುತ್ತದೆ, ಅದು ಗೋಡೆಯ ಸ್ಟಡ್ ಸಾಲಿಗಿಂತ ಅರ್ಧ ಹಿಂದಿದೆ. ಚೌಕಟ್ಟನ್ನು ಅದರ ಮೇಲೆ ಒತ್ತಿ. ಚೌಕಟ್ಟಿನ ತಲೆಯ ಸ್ಟಡ್‌ಗಳ ಮೇಲೆ ಒಂದು 1×4 ಟೈಲ್ (ಮೇಲೆ ಸ್ಟಡ್ ಇಲ್ಲದ ನುಣುಪು ಪ್ಲೇಟ್) ಮುಚ್ಚಿ. ಲೆಕ್ಕ ನೋಡಿ: ಪ್ಲೇಟ್ 1, ಜಂಪರ್ 1, ಚೌಕಟ್ಟು 9, ಟೈಲ್ 1, ಒಟ್ಟು 12. ಅದರ ಮೇಲೆ 1×6 ಇಟ್ಟಿಗೆಯನ್ನು ಲಿಂಟಲ್ ಆಗಿ ಎರಡೂ ಕಡೆ ಒಂದೊಂದು ಸ್ಟಡ್ ಗೋಡೆಗೆ ಕೂರುವಂತೆ ಹಾಕಿದರೆ ಕಿಟಕಿ ಅಲ್ಲಾಡದೆ ನಿಲ್ಲುತ್ತದೆ.

ಹೊರಗಿನಿಂದ ನೋಡಿ. ಜಂಪರ್‌ಗಳ ಮುಂದಿನ ನುಣುಪು ಭಾಗ 4 ಮಿ.ಮೀ. ಅಗಲದ ಕಿಟಕಿ ಕಟ್ಟೆಯಾಗಿದೆ. ನಾಲ್ಕು ಪೀಸುಗಳ ನಡುವಿನ ಸಂದು ಕಲ್ಲು ಹಾಸಿನ ಗೆರೆಯಂತೆ ಕಾಣುತ್ತದೆ. ಲಿಂಟಲ್‌ನ ನೆರಳು ಗಾಜಿನ ಮೇಲೆ ಬೀಳುತ್ತದೆ. ಅಡಿಯ ಆ ಎರಡು ಪದರಗಳಿಗೆ ಬೇರೆ ಬಣ್ಣ ಕೊಟ್ಟರೆ ಇನ್ನೂ ಚೆಂದ. ಹಳೆ ಬೂದು ಪ್ಲೇಟ್‌ಗಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಮಗ್ಗುಲಾಗಿ ಕಟ್ಟುವುದು

ಸ್ಟಡ್ ಮೇಲ್ಮುಖವಾಗಿರದೆ ಪಕ್ಕಕ್ಕೆ ಬರುವಂತೆ ಕಟ್ಟುವ ವಿಧಾನಕ್ಕೆ ಕಟ್ಟುವವರು ಸ್ನಾಟ್ ಅನ್ನುತ್ತಾರೆ. ಇದಕ್ಕೆ ಮುಖ್ಯವಾಗಿ ಎರಡು ಪೀಸು ಸಾಕು. ಒಂದು ಹೆಡ್‌ಲೈಟ್ ಬ್ರಿಕ್, ಇನ್ನೊಂದು ಪಕ್ಕದಲ್ಲಿ ಸ್ಟಡ್ ಇರುವ ಮಾಮೂಲಿ 1×1 ಇಟ್ಟಿಗೆ. ಹೆಡ್‌ಲೈಟ್ ಬ್ರಿಕ್‌ನ ಪಕ್ಕದ ಸ್ಟಡ್ ಅರ್ಧ ಪ್ಲೇಟ್‌ನಷ್ಟು ಒಳಗಿರುತ್ತದೆ. ಹಾಗಾಗಿ ಅದಕ್ಕೆ ಟೈಲ್ ಹಾಕಿದರೆ ಗೋಡೆಯಿಂದ 1.6 ಮಿ.ಮೀ. ಮಾತ್ರ ಹೊರಗೆ ಬರುತ್ತದೆ. ಎರಡನೆಯದಕ್ಕೆ ಹಾಕಿದರೆ ಪೂರ್ತಿ 3.2 ಮಿ.ಮೀ. ಸೂರಿನ ಕೆಳಗೆ ಒಂದು ವರಸೆ ಹೆಡ್‌ಲೈಟ್, ಅದರ ಮೇಲೆ ಒಂದು ವರಸೆ ಮಾಮೂಲಿ ಪೀಸು ಹಾಕಿ ಉದ್ದಕ್ಕೂ ಟೈಲ್ ಕೂರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಹೊರಬರುವ ಪಟ್ಟಿ ಸಿದ್ಧ. ಟೈಲ್ ಅಗಲ 8 ಮಿ.ಮೀ., ಇಟ್ಟಿಗೆ ಎತ್ತರ 9.6. ಮಿಕ್ಕ 1.6 ಮಿ.ಮೀ. ಸಂದನ್ನು ಮುಚ್ಚಲು ಹೋಗಬೇಡಿ. ಪಟ್ಟಿಗಳ ನಡುವಿನ ಆ ಕಪ್ಪು ಗೆರೆ ಬೇಕಾದದ್ದೇ.

ಒಂದರ ಮೇಲೊಂದು ಇಂಥ ಎರಡು ಇಟ್ಟಿಗೆ ಇಟ್ಟರೆ ಪಕ್ಕದ ಸ್ಟಡ್‌ಗಳ ಅಂತರ 9.6 ಮಿ.ಮೀ. ಆಗುತ್ತದೆ, ಯಾವ ಪ್ಲೇಟೂ ಎರಡಕ್ಕೂ ಕೂರುವುದಿಲ್ಲ. ನಡುವೆ ಎರಡು ಪ್ಲೇಟ್ ಸೇರಿಸಿ. ಆಗ ಅಂತರ ಐದು ಪ್ಲೇಟ್, ಅಂದರೆ 16 ಮಿ.ಮೀ. ಮೂರು ಸ್ಟಡ್ ಉದ್ದದ ಪ್ಲೇಟ್ ಎರಡನ್ನೂ ಸರಿಯಾಗಿ ಹಿಡಿಯುತ್ತದೆ. ಒತ್ತಿದರೂ ಕೂರದ ಪೀಸನ್ನು ಬಲವಂತವಾಗಿ ತುರುಕಬೇಡಿ, ಅದರಲ್ಲೂ ಹಳೆಯದನ್ನು. ಹೊಸದರಲ್ಲೂ ಕೆಲವು ವರ್ಷಗಳ ಕಡುಗೆಂಪು, ಕೆಂಗಂದು ಪೀಸುಗಳು ಬೇಗ ಬಿರುಕು ಬಿಡುತ್ತವೆ. ಅಂಟು ಅಂತೂ ಬೇಡ. 60 ವರ್ಷ ಬಾಳಿದ ಇಟ್ಟಿಗೆಯನ್ನು ಒಂದು ಹನಿ ಅಂಟು ಮುಗಿಸಿಬಿಡುತ್ತದೆ.

ಗೋಡೆ ಓರೆಯಾಗಿ ಬೇಕಿದ್ದರೆ 3-4-5 ತ್ರಿಕೋನ ನೆನಪಿಡಿ. ಒಂದು ಸ್ಟಡ್‌ನಿಂದ ಆಚೆಗೆ 4, ಒಳಗೆ 3 ಸ್ಟಡ್ ಎಣಿಸಿ. ಎರಡರ ನಡುವಿನ ಓರೆ ದೂರ ಸರಿಯಾಗಿ 5. ಎರಡೂ ಜಾಗದಲ್ಲಿ 1×1 ಗುಂಡು ಪ್ಲೇಟ್ ಇಟ್ಟು, ಅದರ ಮೇಲೆ 1×6 ಪ್ಲೇಟ್ ಓರೆಯಾಗಿ ಒತ್ತಿದರೆ ಎರಡು ತುದಿಯೂ ಕೂರುತ್ತವೆ. ಓರೆ ಗೋಡೆಯನ್ನು ಅದರ ಮೇಲೆ ಎಬ್ಬಿಸಿ.

ಚಾವಣಿ

45 ಡಿಗ್ರಿ ಸ್ಲೋಪ್ ಇಟ್ಟಿಗೆ ಹಳೆ ಡಬ್ಬಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಪ್ರತಿ ವರಸೆಗೂ ಒಂದು ಸ್ಟಡ್ ಒಳಗೆ ಸರಿಯುತ್ತದೆ. 16 ಸ್ಟಡ್ ಆಳದ ಮನೆಗೆ ಎರಡೂ ಕಡೆಯಿಂದ ಏಳು ವರಸೆ, ಮೇಲೆ ಎರಡು ಸ್ಟಡ್ ಅಗಲದ ಕೂಡುಪೀಸು ಒಂದು ವರಸೆ, ಒಟ್ಟು ಎಂಟು. ಚಾವಣಿಯೊಂದೇ 7.7 ಸೆಂ.ಮೀ. ಎತ್ತರವಾಯಿತು. ಕೆಳಗಿನ ಅಂತಸ್ತು 8.3 ಸೆಂ.ಮೀ. ಇರುವಾಗ ಇದು ಜಾಸ್ತಿ ಅನ್ನಿಸಿದರೆ 33 ಡಿಗ್ರಿಯ ಪೀಸು ಬಳಸಿ. ಮೊದಲ ವರಸೆಯನ್ನು ಗೋಡೆಯಿಂದ ಒಂದು ಸ್ಟಡ್ ಹೊರಗೆ ಚಾಚಿ ಶುರು ಮಾಡಿದರೆ ಸೂರು ಬರುತ್ತದೆ, ಆಗ ಆಳದ ಲೆಕ್ಕಕ್ಕೆ ಎರಡು ಸ್ಟಡ್ ಸೇರಿಸಿಕೊಳ್ಳಿ. ಹಳೆ ಸ್ಲೋಪ್‌ನ ಬಣ್ಣ ಮಾಸಿದ್ದರೆ ಒಂದೇ ಕಡೆ ಗುಡ್ಡೆ ಹಾಕಬೇಡಿ, ಇಡೀ ಚಾವಣಿಗೆ ಹರಡಿ. ಬೇರೆ ಯಾವುದೇ ಇಳಿಜಾರು ಬೇಕೆಂದರೆ ದೊಡ್ಡ ಪ್ಲೇಟ್‌ಗೆ ಕೀಲು ಪೀಸು ಹಾಕಿ, ಮೇಲೆ ಟೈಲ್ ಹೊದಿಸಿ.

ಅಂತಸ್ತುಗಳನ್ನು ಬಿಚ್ಚಿ ಒಳಗೆ ನೋಡುವ ಹಾಗಿರಬೇಕಲ್ವಾ? ಪ್ರತಿ ಅಂತಸ್ತಿನ ಗೋಡೆಯ ತಲೆಗೆ ಟೈಲ್ ಮುಚ್ಚಿ, ಮೂಲೆಗಳ ಹತ್ತಿರ ನಾಲ್ಕೈದು ಸ್ಟಡ್ ಮಾತ್ರ ತೆರೆದಿಡಿ. ಮೇಲಿನ ಅಂತಸ್ತು ಜಾರುವುದಿಲ್ಲ, ಎತ್ತಿದರೆ ಸಲೀಸಾಗಿ ಬರುತ್ತದೆ. ಆ ಸ್ಟಡ್‌ಗಳಿಗೆ ಹೊಸ ಪೀಸುಗಳನ್ನೇ ಹಾಕಿ, ಪದೇ ಪದೇ ಬಿಚ್ಚಿ ಹಾಕುವ ಕಡೆ ಹಳೆಯದರ ಬಿಗಿ ಬೇಗ ಹೋಗುತ್ತದೆ.

ಮುಗಿದ ಕಟ್ಟಡವನ್ನು ಕಿಟಕಿ ಪಕ್ಕ ಇಡಬೇಡಿ, ನೇರ ಬಿಸಿಲು ಬಿದ್ದರೆ ಬಿಳಿ ಮತ್ತೆ ಹಳದಿಯಾಗುತ್ತದೆ, ನೀಲಿ ಮಾಸುತ್ತದೆ. ಧೂಳು ಒರೆಸಲು ಬಟ್ಟೆಗಿಂತ ಅಗಲವಾದ ಮೆತ್ತಗಿನ ಮೇಕಪ್ ಬ್ರಷ್ ವಾಸಿ, ಸ್ಟಡ್‌ಗಳ ನಡುವೆ ಹೋಗುತ್ತದೆ, ಟೈಲ್ ಮೇಲೆ ಗೀರು ಬೀಳುವುದಿಲ್ಲ. ಪಕ್ಕಕ್ಕೆ ಒಂದು ಪುಟ್ಟ ದೀಪ, ಕಟ್ಟಡಕ್ಕಿಂತ ಸ್ವಲ್ಪ ಎತ್ತರದಲ್ಲಿ ಓರೆಯಾಗಿರಲಿ. ನೇರ ಎದುರಿನಿಂದ ಬೆಳಕು ಹಾಕಿದರೆ ಕಷ್ಟಪಟ್ಟು ಮಾಡಿದ ಆ 4 ಮಿ.ಮೀ., 1.6 ಮಿ.ಮೀ. ಯಾವುದೂ ಕಾಣಿಸುವುದಿಲ್ಲ.